ಒಂದೇ ಥಾನಿನ ಎರಡು ಅಂಗಿ

ಜೂನ್ ೩
ಹೊಲಿಗೆ ಅಂಗಡಿ

ಬಟಾಣೀ,

ಈ ಪತ್ರದ ಜೊತೆಗೇ ಒಂದು ಪಾರ್ಸೆಲ್ಲೂ ಹೊರಟಿದೆ. ಯಾವುದು ಮೊದಲು ತಲುಪುತ್ತದೋ ಅದು ಅಂಚೆಯವರ ಮರ್ಜಿ. ನಿನ್ನ ಹುಟ್ಟುಹಬ್ಬಕ್ಕೆ ಪ್ರತಿವರ್ಷದಂತೆ ನಿಲುವಂಗಿ ಹೊಲಿದಿದ್ದೇನೆ. ಈ ಸಲದ ಬಟ್ಟೆ ಬೂದು ನೀಲಿ. ಅದೇ ಥಾನಿನಲ್ಲಿ ನನಗೂ ಒಂದು ಆಯಿತು. ಜಗಳ ಬರಬಾರದು ಅಂತ ಅಮ್ಮ ಇಬ್ಬರಿಗೂ ಒಂದೇ ಥಾನಿನಲ್ಲಿ ಕತ್ತರಿಸುತ್ತಿದ್ದಳಲ್ಲ, ಈಗ ಜಗಳಕ್ಕೆ ನೀನು ಕೈಗೆ ಸಿಗದಷ್ಟು ದೂರ ಇದ್ದರೂ ಆ ಪದ್ಧತಿ ಬಿಡಲು ಮನಸ್ಸು ಬರುವುದಿಲ್ಲ. ಅಳತೆ ಕೇಳಲಿಲ್ಲ. ಹುಟ್ಟಿದಾಗ ಬಟಾಣಿಯಷ್ಟಿದ್ದವಳು ಬೆಳೆದು ನನ್ನ ಅಳತೆಗೇ ಬಂದು ನಿಂತವಳು ನೀನು. ಎಂದಿನಂತೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ. ದಪ್ಪಗಾದರೆ ಬಿಚ್ಚಿಸಿಕೊ, ಹೊಸದು ಕೇಳಬೇಡ.

ಮೊನ್ನೆ ನೀನು ಫೋನು ಮಾಡಿದಾಗ ದೊಡ್ಡ ಮಗಳು ಎತ್ತಿದಳಂತೆ. ನನಗೆ ಫೋನಿನಲ್ಲಿ ಗಿಜಿಗಿಜಿ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ನನಗಿಂತ ಮೊದಲು ಮಕ್ಕಳಿಬ್ಬರೂ ಓದಿ ಮುಗಿಸಿರುತ್ತಾರೆ. ಅಂಗಡಿಯ ವಿಳಾಸಕ್ಕೆ ಪತ್ರವನ್ನೇ ಬರಿ.

ಇಲ್ಲಿ ಎಲ್ಲರ ಬಾಯಲ್ಲೂ ಈಗ ಒಂದೇ ಮಾತು. ಬಸಿರು ಬೇಡ ಎನ್ನುವ ಹಕ್ಕು ಹೆಂಗಸಿಗಿರಬೇಕೋ, ಡಾಕ್ಟರಿಗಿರಬೇಕೋ, ಯಾರಿಗೂ ಇರಬಾರದೋ ಅಂತ. ಅಳತೆಗೆ ಕೈ ಎತ್ತಿ ಎಂದರೆ ಎತ್ತಿದ ಕೈಯಲ್ಲೇ ವಾದ ಮಾಡುತ್ತಾರೆ, ಟೇಪು ಜಾರುತ್ತದೆ. ನಿನ್ನ ಅಭಿಪ್ರಾಯವೇನು ಅಂತ ಶಾಲೆಯ ಹೆಡ್ ಮೇಡಂ ನನ್ನ ಬಲಗಿವಿಯ ಹತ್ತಿರ ಬಂದು ಕೂಗಿದರು. ತೋಳು ಅರ್ಧವೋ ಪೂರ್ತಿಯೋ ಎಂದು ಕೇಳಿದೆ. ಕಿವಿ ಮಂದವಾಗಿರುವುದರಿಂದ ಇಂಥ ಉಪಕಾರವೂ ಉಂಟು.

ನಿನ್ನ ಭಾವ ಯಾವುದೋ ಸಮುದ್ರದ ನಡುವೆ ಹಡಗಿನವರಿಗೆಲ್ಲ ಅಡುಗೆ ಮಾಡುತ್ತಿದ್ದಾರೆ. ಬರುವುದು ವರ್ಷದ ಕೊನೆಗೇ. ನನಗೆ ಏನೂ ಇಲ್ಲ, ಸ್ವಲ್ಪ ಸುಸ್ತು ಅಷ್ಟೆ. ನಿನ್ನ ಆಸ್ಪತ್ರೆಯ ವಿಷಯ ನಾನಾಗಿ ಕೇಳುವುದಿಲ್ಲ. ಹೇಳಬೇಕು ಅನ್ನಿಸಿದ ದಿನ ಹೇಳು.

ನಿನ್ನ ಅಕ್ಕ


ಜೂನ್ ೧೦
ಕನ್ನಡಕದ ಅಂಗಡಿ

ಅಕ್ಕಾ,

ಪಾರ್ಸೆಲ್ಲು ಮೊನ್ನೆಯೇ ಬಂತು, ಪತ್ರ ಬಂದದ್ದು ನಿನ್ನೆ. ಹಾಗಾಗಿ ಆ ಅಂಗಿಯ ಅರ್ಥವನ್ನು ನಾನೊಬ್ಬಳೇ ಹುಡುಕಬೇಕಾಯಿತು.

ಹಾಕಿಕೊಂಡೆ. ಭುಜ ಸರಿ, ತೋಳು ಸರಿ, ಹೊಟ್ಟೆಯ ಹತ್ತಿರ ಮಾತ್ರ ಧಾರಾಳ. ಅಳತೆಯಲ್ಲಿ ನೀನು ತಪ್ಪುವವಳಲ್ಲವಲ್ಲ ಎಂದು ಒಳಗೆ ತಿರುಗಿಸಿ ನೋಡಿದೆ. ಬಿಡುವ ಎರಡು ಬೆರಳು ಬಟ್ಟೆಯನ್ನು ಆಗಲೇ ಎರಡೂ ಪಕ್ಕ ಬಿಚ್ಚಿ, ಅಂಚಿನಲ್ಲಿ ಹೊಲಿದುಬಿಟ್ಟಿದ್ದೀಯ. ಒಳಗೆ ಬಟ್ಟೆ ಬಿಟ್ಟಿದ್ದೇನೆ ಅಂತ ಪತ್ರದಲ್ಲಿ ಸುಳ್ಳು ಬೇರೆ. ಬಾಯಿಬಿಟ್ಟು ಹೇಳಲು ನಿನಗೆ ಸಂಕೋಚ, ಅದಕ್ಕೇ ಸೂಜಿಯಲ್ಲಿ ಹೇಳಿದ್ದೀಯ. ಈ ವರ್ಷವಾದರೂ ತಂಗಿಗೆ ಇಷ್ಟು ಜಾಗ ಬೇಕಾಗಲಿ ಎಂದು ಹಾರೈಸಿ ಹೊಲಿದಿದ್ದೀಯ, ಅಲ್ಲವಾ?

ಕನ್ನಡಿಯ ಮುಂದೆ ನಿಂತು ಅತ್ತೆ. ನಿನ್ನ ಮೇಲೆ ಸಿಟ್ಟಿನಿಂದಲ್ಲ. ನಿನಗೊಂದು ವಿಷಯ ಹೇಳಿರಲಿಲ್ಲ. ಮಗುವಿಗೆಂದು ಮಾಡಿಸಿದ ಮೂರನೆಯ ಸಲದ ಚಿಕಿತ್ಸೆಯೂ ಮಾರ್ಚಿನಲ್ಲಿ ಕೈಕೊಟ್ಟಿತು. ಇನ್ನು ಸಾಕು ಎಂದುಬಿಟ್ಟೆ. ಆ ಇಂಜೆಕ್ಷನ್ನುಗಳು, ಆ ಕಾಯುವಿಕೆ, ನನ್ನ ಮೈಗೆ ಸಾಕಾಗಿತ್ತು ಅಕ್ಕಾ. ನಮ್ಮನೆ ಮೇಷ್ಟ್ರು ಒಂದು ಮಾತೂ ಎದುರಾಡಲಿಲ್ಲ. ಅಡುಗೆಮನೆಗೆ ಹೋಗಿ ಇಬ್ಬರಿಗೂ ಚಹಾ ಮಾಡಿಕೊಂಡು ಬಂದರು, ಸಕ್ಕರೆ ಹಾಕಲು ಮರೆತಿದ್ದರು. ಇಬ್ಬರೂ ಹಾಗೇ ಕುಡಿದೆವು.

ನಿಮ್ಮಲ್ಲಿ ಮಾತು, ಇಲ್ಲಿ ಮೆರವಣಿಗೆ. ನಮ್ಮ ಅಂಗಡಿಯ ಎದುರಿಗೇ ಬಸಿರು ತೆಗೆಯುವ ಆ ಆಸ್ಪತ್ರೆ ಇದೆಯಲ್ಲ, ಅದರ ಬಾಗಿಲಲ್ಲಿ ಬೆಳಗಾದರೆ ಎರಡು ಗುಂಪು ಫಲಕ ಹಿಡಿದು ನಿಲ್ಲುತ್ತವೆ. ನೂಕುನುಗ್ಗಲಿನಲ್ಲಿ ಕನ್ನಡಕ ಮುರಿದುಕೊಂಡು ಎರಡೂ ಕಡೆಯವರು ನನ್ನ ಹತ್ತಿರವೇ ಬರುತ್ತಾರೆ. ಎರಡೂ ಕಡೆಗೆ ತಿರುಪು ಬಿಗಿ ಮಾಡಿ ಕಳಿಸುತ್ತೇನೆ. ಮಧ್ಯೆ ತಲೆ ತಗ್ಗಿಸಿಕೊಂಡು ಒಳಗೆ ಹೋಗುವ ಹೆಂಗಸರನ್ನು ಕಿಟಕಿಯಿಂದ ನೋಡುತ್ತೇನೆ. ನಿಜ ಹೇಳಲಾ, ಅವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬೇಡದವರಿಗೆ ಸಿಗುತ್ತದಲ್ಲ ಅಂತ.

ಅಂಗಿಯನ್ನು ಮಡಚಿ ಇಟ್ಟಿದ್ದೇನೆ. ವಾಪಸು ಕಳಿಸುವುದಿಲ್ಲ.

ಬಟಾಣಿ


ಜೂನ್ ೧೫
ಹೊಲಿಗೆ ಅಂಗಡಿ

ಬಟಾಣೀ,

ಆ ಅಂಗಿ ನನ್ನದು.

ಎರಡನ್ನೂ ಒಂದೇ ದಿನ ಇಸ್ತ್ರಿಗೆ ಕೊಟ್ಟಿದ್ದೆ. ಹೊರಗಿನಿಂದ ನೋಡಿದರೆ ಅಮ್ಮನಿಗೇ ಗುರುತು ಸಿಗುತ್ತಿರಲಿಲ್ಲ. ನಿನ್ನದು ಇಲ್ಲೇ ಬೀರುವಿನಲ್ಲಿದೆ. ಅವಸರದಲ್ಲಿ ನನ್ನದನ್ನು ಕಟ್ಟಿ ಕಳಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಕೊಟ್ಟವಳಲ್ಲ ನಾನು. ಕೊಟ್ಟದ್ದು ಒಂದೇ ಸಲ, ಅದೂ ನಿನಗೆ, ಅದೂ ಇದನ್ನು.

ನೀನು ಕನ್ನಡಿಯ ಮುಂದೆ ನಿಂತಿದ್ದನ್ನು ಓದಿದಾಗಿನಿಂದ ಕತ್ತರಿ ಹಿಡಿಯಲಾಗುತ್ತಿಲ್ಲ. ಇನ್ನು ಮುಚ್ಚಿಟ್ಟರೆ ಪಾಪ. ನಾನು ಬಸುರಿ. ನಿನ್ನ ಭಾವ ಹಡಗು ಹತ್ತುವ ಮೊದಲಿನದು. ಮೂರನೆಯದಲ್ಲವೇ, ಬೇಗ ಕಾಣಿಸುತ್ತದೆ. ಗಿರಾಕಿಗಳ ಕಣ್ಣಿಗೆ ಬೀಳದಿರಲಿ ಎಂದು ಬಿಚ್ಚಿ ಸಡಿಲ ಮಾಡಿಕೊಂಡಿದ್ದೆ. ಇಟ್ಟುಕೊಳ್ಳಲು ಅಲ್ಲ, ದಾರಿ ಸಿಗುವ ತನಕ ಮರೆಮಾಡಲು. ನನಗೆ ಇದು ಬೇಡ, ಬಟಾಣೀ.

ನಿನ್ನ ಭಾವನಿಗೆ ಹಡಗಿನ ಕಚೇರಿಯ ಮೂಲಕ ತಿಳಿಸಿದೆ. ನಿನಗೆ ಹೇಗೆ ಸರಿಯೋ ಹಾಗೆ ಮಾಡು, ಇಲ್ಲಿ ಈರುಳ್ಳಿ ಹೆಚ್ಚುತ್ತಿದ್ದೇನೆ, ಅಳುವುದಕ್ಕೆ ನೆಪ ಹುಡುಕಬೇಕಾಗಿಲ್ಲ ಎಂದು ಉತ್ತರ ಬಂತು. ಮನೆಯವರದು ಅಷ್ಟೇ. ತೊಡಕು ಇಲ್ಲಿನ ಆಸ್ಪತ್ರೆಯದು. ದೊಡ್ಡ ಡಾಕ್ಟರು ನಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದರು. ಇನ್ನೊಬ್ಬರು ಗಂಡ ಖುದ್ದಾಗಿ ಬಂದು ಸಹಿ ಹಾಕಲಿ ಎಂದರು. ಕಾನೂನು ಗಂಡನ ಸಹಿ ಕೇಳುವುದಿಲ್ಲ, ಹಾಗಂತ ಅವರದೇ ಗೋಡೆಯ ಮೇಲೆ ಅಚ್ಚು ಹಾಕಿ ಅಂಟಿಸಿದ್ದಾರೆ. ಅದನ್ನು ತೋರಿಸಿದೆ. ನನಗೆ ಕಿವಿ ಕೇಳಿಸುವುದಿಲ್ಲ, ಅವರಿಗೆ ಕಣ್ಣು ಕಾಣಿಸುವುದಿಲ್ಲ.

ಇನ್ನು ಉಳಿದಿರುವುದು ನಿಮ್ಮ ಊರಿನ ಆಸ್ಪತ್ರೆ, ನಿನ್ನ ಕಿಟಕಿಯ ಎದುರಿನದು. ತಲೆ ತಗ್ಗಿಸಿ ಒಳಗೆ ಹೋಗುವವರಲ್ಲಿ ನಾನೂ ಒಬ್ಬಳಾಗಿ ನಿನ್ನ ಕಣ್ಣಿಗೆ ಬೀಳಬಾರದು ಎಂದೇ ಇಷ್ಟು ದಿನ ಕಳೆದೆ. ನಿನ್ನ ಮಾರ್ಚ್ ತಿಂಗಳ ವಿಷಯ ತಿಳಿಯದೆಯೇ ಇಷ್ಟು ಹಿಂಜರಿದಿದ್ದೆ, ಈಗ ಹೇಗೆ ಬರಲಿ?

ಅಕ್ಕ


ಜೂನ್ ೧೯
ಮನೆಯಿಂದ

ಅಕ್ಕಾ,

ನಿನ್ನ ಪತ್ರವನ್ನು ಅಂಗಡಿಯಲ್ಲೇ ನಿಂತು ಓದಿದೆ. ಆಮೇಲೆ ಬಂದ ಗಿರಾಕಿಯ ಕಣ್ಣಿನ ಮುಂದೆ ಒಂದೇ ಗಾಜನ್ನು ಎರಡು ಸಲ ಇಟ್ಟು, ಇದು ಚೆನ್ನಾಗಿ ಕಾಣುತ್ತದೋ ಅದು ಚೆನ್ನಾಗಿ ಕಾಣುತ್ತದೋ ಎಂದು ಕೇಳಿದೆನಂತೆ.

ನೇರವಾಗಿ ಕೇಳುತ್ತೇನೆ, ಸುತ್ತಿಬಳಸಿ ಹೇಳಲು ಬರುವುದಿಲ್ಲ. ಮಗುವನ್ನು ನನಗೆ ಕೊಡು. ನಿನಗೆ ಬೇಡ, ನನಗೆ ಬೇಕು. ಬೇರೆ ಯಾರದ್ದೋ ಅಲ್ಲ, ನಮ್ಮದೇ ರಕ್ತ. ನೀನು ಅಂಗಡಿ ಮುಚ್ಚಿ ಇಲ್ಲಿಗೇ ಬಂದುಬಿಡು, ಮಕ್ಕಳನ್ನೂ ಕರೆದುಕೊಂಡು ಬಾ. ಮೇಷ್ಟ್ರ ಶಾಲೆಯಲ್ಲೇ ಅವರನ್ನು ಸೇರಿಸೋಣ. ನೀನು ಒಂದು ಕಡ್ಡಿಯನ್ನೂ ಎತ್ತಿಡುವುದು ಬೇಡ, ಕೂತಲ್ಲಿಗೇ ಎಲ್ಲ ತಂದುಕೊಡುತ್ತೇನೆ. ಹೆತ್ತು ನನ್ನ ಕೈಗೆ ಕೊಟ್ಟರೆ ಸಾಕು, ಆಮೇಲೆ ನಿನಗೆ ಯಾವ ಜಂಜಾಟವೂ ಇಲ್ಲ.

ಆ ಅಂಗಿ ಅದಲುಬದಲಾಗಿ ನನ್ನ ಮನೆಗೆ ಬಂದದ್ದು ಸುಮ್ಮನೆ ಅಲ್ಲ ಅನ್ನಿಸುತ್ತಿದೆ. ಬೇಗ ಉತ್ತರ ಬರಿ.

ಬಟಾಣಿ


ಜೂನ್ ೨೭
ಮನೆಯಿಂದ

ಅಕ್ಕಾ,

ನಿನ್ನ ಉತ್ತರವಿಲ್ಲ. ಬೇಡದ್ದನ್ನು ಬೇಡ ಎಂದು ಮುಖಕ್ಕೆ ಹೇಳುವವಳು ನೀನು. ನನಗೆ ಕೆಂಪು ರಿಬ್ಬನ್ ಒಪ್ಪುವುದಿಲ್ಲ ಅಂತ ಶಾಲೆಯ ನಾಟಕದ ದಿನವೇ ಹೇಳಿ ಅಳಿಸಿದವಳು. ಅಂಥವಳು ಇಲ್ಲ ಎನ್ನಲಿಲ್ಲವೆಂದರೆ ಯೋಚನೆ ಮಾಡುತ್ತಿದ್ದೀಯ ಅಂತಲೇ ಅರ್ಥ.

ಹಿಂದಿನ ಸಣ್ಣ ಕೋಣೆಯಲ್ಲಿದ್ದ ಹಳೆಯ ಸಾಮಾನು ತೆಗೆಸಿದೆ. ಗೋಡೆಗೆ ತಿಳಿ ಹಳದಿ ಬಳಿದೆವು. ಮೇಷ್ಟ್ರು ಮಾತ್ರ ಏಣಿಯ ಮೇಲೆ ನಿಂತು, "ಅಕ್ಕ ಹೂಂ ಅಂದ್ರಾ?" ಎಂದು ಕೇಳಿದರು. ಇನ್ನೇನು ಅನ್ನುತ್ತಾಳೆ ಎಂದೆ. ಕುಂಚವನ್ನು ಡಬ್ಬದಲ್ಲಿ ಅದ್ದಿ ಗೋಡೆಗೆ ತಿರುಗಿದರು.

ಕಾಯುತ್ತಿದ್ದೇನೆ.

ಬಟಾಣಿ


ಜುಲೈ ೧
ಹೊಲಿಗೆ ಅಂಗಡಿ

ನನ್ನ ಮುದ್ದು ಬಟಾಣೀ,

ಉತ್ತರ ಬರೆಯಲು ಕೂತು, ಹಾಳೆ ಹರಿದು, ಮತ್ತೆ ಕೂತು, ಹೀಗೇ ದಿನ ಹೋಯಿತು. ನನ್ನ ಮೌನ ನಿನ್ನ ಗೋಡೆಗೆ ಬಣ್ಣ ಬಳಿಯಿತು ಎಂದು ಗೊತ್ತಾದ ಮೇಲೆ ಒಂದು ಗಂಟೆಯೂ ತಡೆಯಬಾರದು.

ಇಲ್ಲ, ಬಟಾಣೀ. ಕೊಡಲಾರೆ.

ನಿನಗೆ ಏನು ಕೇಳಿದರೂ ಕೊಟ್ಟವಳು ನಾನು. ಇದನ್ನು ಮಾತ್ರ ಇಲ್ಲ ಎನ್ನಬೇಕಾಗಿದೆ. ಹೆತ್ತು ಕೈಗೆ ಕೊಟ್ಟರೆ ಸಾಕು ಎಂದು ನೀನು ಬರೆದೆ. ಆ "ಸಾಕು" ಎಂಬುದರ ಒಳಗೆ ನಾನಿದ್ದೇನೆ, ಅದು ನಿನಗೆ ಕಾಣಿಸಲಿಲ್ಲ. ದೊಡ್ಡವಳು ಹುಟ್ಟಿದ ಮೇಲೆ ಎಡಗಿವಿ ಹೋಯಿತು. ಗುಬ್ಬಿ ಹುಟ್ಟಿದ ಮೇಲೆ ಬಲಗಿವಿಯಲ್ಲಿ ಅರ್ಧ. ಇನ್ನೊಂದು ಬಸಿರಾದರೆ ಉಳಿದದ್ದೂ ಹೋಗಬಹುದು, ಹೋಗದೆಯೂ ಇರಬಹುದು ಎಂದು ಕಿವಿ ಡಾಕ್ಟರು ಆಗಲೇ ಹೇಳಿದ್ದರು. ಈಗ ನನಗೆ ಕೇಳಿಸುವುದು ಮಿಷನ್ನಿನ ಸದ್ದು, ಬಾಗಿಲು ಬಡಿದದ್ದು, ಮತ್ತೆ ಗುಬ್ಬಿ ನನ್ನ ಬಲಗಿವಿಗೆ ಬಾಯಿಟ್ಟು ಹೇಳುವ ಗುಟ್ಟು. ಅದರಲ್ಲಿ ಅರ್ಧಕ್ಕರ್ಧ ಅಕ್ಕನ ಮೇಲಿನ ಚಾಡಿ. ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಆದರೆ ಕಿವಿಯ ಹಿಂದೆ ಅಡಗಿ ಕೂರುವುದೂ ನನಗೆ ಇಷ್ಟವಿಲ್ಲ. ಪಕ್ಕದ ಇಸ್ತ್ರಿಯವಳು, "ಕಿವಿ ವಿಷಯ ಹೇಳ್ಬಿಡಿ, ಆಗ ಯಾರೂ ಏನೂ ಅನ್ನಲ್ಲ" ಎಂದಳು. ನಿಜ. ಗಾಯ ತೋರಿಸಿದರೆ ಎಲ್ಲರೂ ಅಯ್ಯೋ ಎನ್ನುತ್ತಾರೆ. ಕಿವಿ ಎರಡೂ ಚುರುಕಾಗಿದ್ದಿದ್ದರೂ ನಾನು ಬೇಡ ಎಂದೇ ಅನ್ನುತ್ತಿದ್ದೆ. ಇಬ್ಬರನ್ನು ಹೆತ್ತು ಸಾಕಿದ್ದೇನೆ. ಈಗಷ್ಟೇ ಅಂಗಡಿ ನನ್ನ ಕೈಗೆ ಹತ್ತಿದೆ, ನಾನು ನನ್ನ ಕೈಗೆ ಹತ್ತಿದ್ದೇನೆ. ಮತ್ತೆ ಮೊದಲಿನಿಂದ ಶುರುಮಾಡಲು ನನ್ನ ಮೈ ಒಪ್ಪುತ್ತಿಲ್ಲ, ಮನಸ್ಸೂ ಒಪ್ಪುತ್ತಿಲ್ಲ.

ಮಾರ್ಚಿನಲ್ಲಿ ನೀನು ಸಾಕು ಎಂದೆ. ನಿನ್ನ ಮೈಗೆ ಸಾಕಾಗಿತ್ತು, ಮೇಷ್ಟ್ರು ಒಂದು ಮಾತೂ ಎದುರಾಡದೆ ಚಹಾ ಮಾಡಿದರು. ಓದಿ ಅವರ ಮೇಲೆ ಎಷ್ಟು ಪ್ರೀತಿ ಬಂತು ಗೊತ್ತಾ. ನನ್ನ ಸಾಕಿಗೂ ಅಷ್ಟೇ ಬೆಲೆ ಕೊಡು. ಸಕ್ಕರೆ ಹಾಕದಿದ್ದರೂ ಪರವಾಗಿಲ್ಲ.

ಇಸ್ತ್ರಿಯವಳೇ ಫೋನು ಮಾಡಿ ನಿಮ್ಮ ಊರಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಸಿದ್ದಾಳೆ. ಜುಲೈ ಹನ್ನೆರಡು. ಇನ್ನೂ ತಡಮಾಡಿದರೆ ಅವರೂ ಮಾಡಲಾರರಂತೆ. ಮಕ್ಕಳು ಅವಳ ಮನೆಯಲ್ಲಿರುತ್ತಾರೆ. ನಾನು ಸ್ಟೇಷನ್ನಿನ ಹತ್ತಿರ ಲಾಡ್ಜಿನಲ್ಲಿ ಉಳಿದುಕೊಳ್ಳುತ್ತೇನೆ. ನೀನು ಬರಬೇಡ. ಆ ದಿನ ಕಿಟಕಿಯ ಪರದೆ ಎಳೆದುಕೊ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ.

ಅಕ್ಕ


ಜುಲೈ ೫
ಕನ್ನಡಕದ ಅಂಗಡಿ

ಅಕ್ಕಾ,

ಓದಿದೆ. ನಿನ್ನ ಮೇಲೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಮಾರ್ಚಿನ ಚಹಾದ ಮಾತು ಬರೆದೆಯಲ್ಲ, ಅಲ್ಲಿಗೆ ಬಂದಾಗಲೆಲ್ಲ ಸಿಟ್ಟು ಮುಂದೆ ಹೋಗಲು ಒಪ್ಪಲಿಲ್ಲ.

ನಿನ್ನೆ ಮಧ್ಯಾಹ್ನ ಅಂಗಡಿ ಬಿಟ್ಟು, ರಸ್ತೆ ದಾಟಿ, ಆ ಆಸ್ಪತ್ರೆಗೆ ಹೋದೆ. ನೀನು ಹೋಗುವ ದಾರಿ ಹೇಗಿದೆ ನೋಡೋಣ ಅಂತ. ಫಲಕ ಹಿಡಿದವಳೊಬ್ಬಳು ಅಡ್ಡ ಬಂದು, ಹೀಗೆ ಮಾಡಬೇಡಮ್ಮ ಎಂದಳು. ನಾನೇ ತಿರುಪು ಹಾಕಿಕೊಟ್ಟ ಕನ್ನಡಕ ಅವಳ ಮೂಗಿನ ಮೇಲಿತ್ತು. ನನ್ನ ಗುರುತು ಸಿಗಲಿಲ್ಲ, ಆ ಬಾಗಿಲಿಗೆ ಹೋಗುವವಳಿಗೆ ಮುಖವೇ ಇರುವುದಿಲ್ಲವೇನೋ. ಇಷ್ಟು ದಿನ ಕಿಟಕಿಯಿಂದ ನಾನೂ ಹಾಗೇ ನೋಡುತ್ತಿದ್ದೆ.

ಒಳಗೆ ಮಾತಾಡಿಸುವ ಹೆಂಗಸು ಒಳ್ಳೆಯವಳು. ಆದರೆ ಕೂರುವುದು ಗಾಜಿನ ಹಿಂದೆ, ಬಾಯಿಗೆ ಮುಸುಕು, ಮಾತೋ ಪಿಸುಮಾತು. ತುಟಿ ನೋಡಿ ಅರ್ಥ ಮಾಡಿಕೊಳ್ಳುವವಳು ನೀನು, ಅಲ್ಲಿ ನಿನಗೆ ಒಂದಕ್ಷರವೂ ತಿಳಿಯುವುದಿಲ್ಲ. ಏನು ಕೇಳಿದರೂ ಹೂಂ ಹೂಂ ಎಂದು ತಲೆಯಾಡಿಸಿ ಬರುತ್ತೀಯ, ನನಗೆ ಗೊತ್ತು. ಹಾಗಾಗಿ ಅವರು ಕೇಳುವುದನ್ನೆಲ್ಲ ಕೇಳಿಕೊಂಡು ಬಂದು, ನಮ್ಮ ಕಣ್ಣು ಪರೀಕ್ಷೆಯ ಬೋರ್ಡಿನ ಮೇಲಿನ ಸಾಲಿನಷ್ಟು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದಿದ್ದೇನೆ. ಒಂದೊಂದು ಪ್ರಶ್ನೆಗೆ ಒಂದೊಂದು ರಟ್ಟು. ನೋವು ಎಲ್ಲಿ, ಹಿಂದೆ ಏನು ಕಾಯಿಲೆ, ಯಾವ ಔಷಧ ಆಗಿಬರುವುದಿಲ್ಲ, ಎಲ್ಲ.

ಕೊನೆಯ ರಟ್ಟಿನಲ್ಲಿ ಬರೆದದ್ದು ಇದು. "ಇದು ನಿಮ್ಮದೇ ತೀರ್ಮಾನವೇ? ಯಾರಾದರೂ ನಿಮ್ಮನ್ನು ಒತ್ತಾಯ ಮಾಡಿದರೇ?" ಒತ್ತಾಯ ಮಾಡಿದವಳು ನಾನೊಬ್ಬಳೇ ಅಲ್ಲವಾ ಅಕ್ಕಾ. ಆ ಪ್ರಶ್ನೆ ಕೇಳುವಾಗ ಮನೆಯವರು ಹೊರಗಿರಬೇಕಂತೆ. ಇರುತ್ತೇನೆ.

ಲಾಡ್ಜು ಬೇಡ. ಹನ್ನೊಂದನೆಯ ತಾರೀಕು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ. ಬರಬೇಡ ಎಂದು ಬರೆದಿದ್ದೀಯ, ನನಗೂ ಕಿವಿ ಮಂದ ಎಂದುಕೊ.

ಬಟಾಣಿ


ಜುಲೈ ೧೯
ಮನೆಯಿಂದ

ಅಕ್ಕಾ,

ನೀನು ಕ್ಷೇಮವಾಗಿ ತಲುಪಿದೆ ಎಂದು ದೊಡ್ಡವಳ ಮೆಸೇಜು ಬಂತು. ಅಮ್ಮ ಬಂದ ಕೂಡಲೇ ಇಬ್ಬರಿಗೂ ಬೈದಳು, ಅಂದರೆ ಹುಷಾರಾಗಿದ್ದಾಳೆ ಎಂದು ಅವಳೇ ಅರ್ಥವನ್ನೂ ಬರೆದಿದ್ದಳು.

ನೀನಿದ್ದಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ಕಿವಿ ಕೇಳಿಸದವರು ಜೋರಾಗಿ ಮಾತಾಡುತ್ತಾರೆ ಅಂತಾರೆ, ನೀನು ಉಲ್ಟಾ. ಕಿವಿ ಹೋದಷ್ಟೂ ನಿನ್ನ ದನಿ ತಗ್ಗುತ್ತ ಬಂತು, ನಿನ್ನ ಗಿರಾಕಿಗಳು ಬಗ್ಗಿ ಕೇಳಬೇಕು. ಆವತ್ತು ಕೊನೆಯ ರಟ್ಟನ್ನು ಆ ಹೆಂಗಸಿನ ಕೈಗೆ ಕೊಟ್ಟು ನಾನು ಹೊರಗೆ ಬಂದೆ. ಬಾಗಿಲು ಹಾಕಿತ್ತು. ಸಾಲು ಬೆಂಚಿನ ಮೇಲೆ ಹೆಂಗಸರು, ಎಲ್ಲರೂ ನೆಲ ನೋಡುತ್ತ ಕೂತಿದ್ದರು. ಆಗ ಒಳಗಿನಿಂದ ನಿನ್ನ ದನಿ ಬಂತು.

"ಹೌದು. ನನ್ನದೇ. ಯಾರೂ ಒತ್ತಾಯ ಮಾಡಿಲ್ಲ. ಹೊರಗಿರೋಳು ನನ್ನ ತಂಗಿ. ಅವಳು ಕೇಳಿದ್ದು ಆಸೆಯಿಂದ, ಅದು ಒತ್ತಾಯ ಅಲ್ಲ."

ಇಡೀ ಕಾರಿಡಾರಿಗೆ ಕೇಳಿಸಿತು. ಅಷ್ಟು ಜೋರಾಗಿ ನೀನು ಮಾತಾಡಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಪಕ್ಕದಲ್ಲಿದ್ದವಳು ನನ್ನ ಕೈ ಹಿಡಿದುಕೊಂಡಳು. ಯಾರೋ ಏನೋ. ಅವಳ ಸರದಿ ಬರುವ ತನಕ ಬಿಡಲಿಲ್ಲ, ನಾನೂ ಬಿಡಲಿಲ್ಲ.

ನೀನು ಹಳದಿ ಕೋಣೆಯಲ್ಲಿ ಮಲಗಿದ್ದಾಗ ನಾನು ಬಾಗಿಲಲ್ಲಿ ಕೂತು ಅತ್ತೆ. ನಿನಗೆ ಕೇಳಿಸುವುದಿಲ್ಲವಲ್ಲ ಎಂದು ಧೈರ್ಯವಾಗಿಯೇ ಅತ್ತೆ. ನೋವು ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ಅದು ನನ್ನ ನೋವು, ನೀನು ಹೊತ್ತು ತೀರಿಸಬೇಕಾದದ್ದಲ್ಲ. ಆ ಕೋಣೆಗೆ ಈಗ ಅಕ್ಕನ ಕೋಣೆ ಎಂದೇ ಹೆಸರು. ಮೇಷ್ಟ್ರು ಒಂದು ಸಣ್ಣ ಮೇಜು ಹಾಕಿದ್ದಾರೆ, ನೀನು ಬಂದಾಗ ಹೊಲಿಯಲು.

ಈ ಪತ್ರದ ಜೊತೆಗೆ ಕಳಿಸಿದ ಪಾರ್ಸೆಲ್ಲಿನಲ್ಲಿ ನಿನ್ನ ಅಂಗಿ ಇದೆ. ಪಕ್ಕದ ಹೊಲಿಗೆಯನ್ನು ನಾನೇ ಮತ್ತೆ ಒಳಗೆ ಹಿಡಿದಿದ್ದೇನೆ. ನಗಬೇಡ. ಮಿಕ್ಕ ಬಟ್ಟೆಯನ್ನು ಕತ್ತರಿಸಿಲ್ಲ.

ಬಟಾಣಿ


ಜುಲೈ ೨೬
ಹೊಲಿಗೆ ಅಂಗಡಿ

ಬಟಾಣೀ,

ನಾನು ಕೂಗಿದೆನೇ? ನನಗೆ ಎಂದಿನ ಹಾಗೇ ಹೇಳಿದಂತಿತ್ತು.

ಮೈ ಸರಿಹೋಗುತ್ತಿದೆ. ದುಃಖವೇ ಆಗಲಿಲ್ಲ ಎಂದರೆ ಸುಳ್ಳು, ತಪ್ಪು ಮಾಡಿದೆ ಅನ್ನಿಸಿತು ಎಂದರೆ ಅದೂ ಸುಳ್ಳು. ನಿನ್ನೆ ಗುಬ್ಬಿ ಬಲಗಿವಿಗೆ ಬಾಯಿಟ್ಟು, ದೊಡ್ಡವಳು ಅದೇನೋ ಕದ್ದು ತಿಂದಳೆಂದು ಚಾಡಿ ಹೇಳಿದಳು. ಪೂರ್ತಿ ಕೇಳಿಸಿತು. ಇನ್ನೊಂದು ಸಲ ಹೇಳು ಎಂದು ಹೇಳಿಸಿಕೊಂಡೆ.

ಇನ್ನೊಂದು ಮಾತು. ಹಳದಿ ಕೋಣೆಯಲ್ಲಿ ನನಗೆ ನಿದ್ರೆ ಬಂದಿರಲಿಲ್ಲ. ನೀನು ಅತ್ತದ್ದು ಕೇಳಿಸಲಿಲ್ಲ, ನಿಜ. ಬೆನ್ನು ಅಲುಗುವುದು ಕಾಣಿಸಿತು. ಎದ್ದು ಬರಬೇಕೆಂದುಕೊಂಡೆ, ಆ ಅಳು ನಿನ್ನೊಬ್ಬಳದೇ ಇರಲಿ ಎಂದು ಸುಮ್ಮನೆ ಮಲಗಿದೆ. ಬರಬೇಕಿತ್ತೋ ಏನೋ. ಮುಂದಿನ ಸಲ ಬಂದಾಗ ಕರಿ, ಭುಜ ತಟ್ಟಿ ಕರಿ.

ನಿನ್ನ ಪಾಲಿನ ಅಂಗಿಯನ್ನು ಇವತ್ತು ಕಳಿಸಿದ್ದೇನೆ. ಎರಡು ಸಲ ಒಳಗೆ ತಿರುಗಿಸಿ ನೋಡಿಯೇ ಕಟ್ಟಿದೆ.

ನನ್ನದನ್ನು ಹಾಕಿಕೊಂಡೇ ಅಂಗಡಿಗೆ ಬಂದಿದ್ದೇನೆ. ಎಡಪಕ್ಕ ಹೇಗೋ ಪರವಾಗಿಲ್ಲ. ಬಲಪಕ್ಕದ ಹೊಲಿಗೆ ದಾರಿ ತಪ್ಪಿ ಎಲ್ಲೆಲ್ಲೋ ಅಲೆದು, ಕಂಕುಳ ಹತ್ತಿರ ಸುಸ್ತಾಗಿ ಕೂತುಬಿಟ್ಟಿದೆ. ಹೆಡ್ ಮೇಡಂ ಅಳತೆಗೆ ಬಂದವರು ಮತ್ತೆ ಅದೇ ಕಾನೂನಿನ ಮಾತು ತೆಗೆದು, ನನ್ನ ಅಭಿಪ್ರಾಯ ಕೇಳಿದರು. ಈ ಸಲ ನಾನು ತೋಳಿನ ವಿಷಯ ಎತ್ತಲಿಲ್ಲ. ಹೇಳಿದೆ. ಜೋರಾಗಿಯೇ ಹೇಳಿದೆನೋ ಏನೋ, ಇಸ್ತ್ರಿಯವಳು ಬಾಗಿಲಿಗೆ ಬಂದು ನಿಂತಳು. ಮೇಡಂ ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಅಂಗಿ ನೋಡಿದರು.

"ಇದನ್ನ ಯಾರು ಹೊಲಿದಿದ್ದು? ನೀವೇ ಟೈಲರು, ಬಿಚ್ಚಿ ಸರಿ ಮಾಡ್ಕೋಬಾರ್ದಾ?"

"ನನ್ನ ತಂಗಿ ಹೊಲಿದಿದ್ದು ಮೇಡಂ," ಎಂದೆ. "ಬಿಚ್ಚಲ್ಲ."

ಅಕ್ಕ